ಸ್ವಿಚ್ ಒತ್ತುವ ಮುನ್ನ

ನಮ್ಮೂರು ಬಾಗಳಿ. ಹೋದ ವರ್ಷ ದಸರಾ ರಜೆಯಲ್ಲಿ ನಾನು ಹರಪನಹಳ್ಳಿಯ ಒಂದು ಮೆಕ್ಕೆಜೋಳದ ಅಂಗಡಿಗೆ ಲೆಕ್ಕ ಬರೆಯಲು ಹೋಗುತ್ತಿದ್ದೆ. ಕಾಮರ್ಸ್ ಓದುವ ಮಗ ನಾಲ್ಕು ಕಾಸಿನ ಕೆಲಸ ಕಲಿಯಲಿ ಎಂದು ಅಬ್ಬಾ ಕಳಿಸಿದ್ದರು.

ಅಲ್ಲಿ ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್, ಒಳಕೋಣೆಯಲ್ಲಿ ಒಂದು ಸರ್ವರ್. ಹಗಲೆಲ್ಲ ರೈತರ ಹೆಸರು, ತೂಕ, ದರ ನಮೂದಿಸುವುದು ನಮ್ಮ ಕೆಲಸ. ಸಂಜೆ ಸರ್ವರ್ ಅಷ್ಟನ್ನೂ ಒಟ್ಟಿಗೆ ತೆಗೆದುಕೊಂಡು, ಒಂದೊಂದೇ ಬಿಲ್ ಮಾಡಿ, ಖಾತೆಗೆ ಏರಿಸಿ, ಬ್ಯಾಂಕಿಗೆ ಕೊಡುವ ಪಟ್ಟಿ ತಯಾರಿಸುತ್ತದೆ. ಇದೇ ಬ್ಯಾಚ್ ಪ್ರೊಸೆಸಿಂಗ್.

ಒಂದು ಸಂಜೆ ಕರೆಂಟ್ ಹೋಯಿತು. ಯುಪಿಎಸ್ ಕೂಗತೊಡಗಿತು. ನನಗೆ ಬಸ್ಸಿನ ಚಿಂತೆ. ಸರ್ವರ್ ಇನ್ನೂ ಕೆಲಸ ಮಾಡುತ್ತಿದ್ದರೂ ಅದರ ಸ್ವಿಚ್ಚನ್ನು ಅದುಮಿ ಹಿಡಿದು ಆರಿಸಿ, ಓಡಿದೆ.

ಮರುದಿನ ಲೆಕ್ಕವೇ ಕೂಡಲಿಲ್ಲ. ಕೆಲವು ಬಿಲ್ ಆಗಿದ್ದವು, ಖಾತೆಗೆ ಏರಿರಲಿಲ್ಲ. ಬ್ಯಾಂಕಿನ ಪಟ್ಟಿ ಅರ್ಧಕ್ಕೆ ನಿಂತಿತ್ತು. "ಯಾರು ಆರಿಸಿದ್ದು?" ಎಂದು ಗುಮಾಸ್ತರು ಕೇಳಿದರು. ಕರೆಂಟ್ ಹೋಗಿತ್ತು ಎಂದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಮಧ್ಯಾಹ್ನ ನಮ್ಮೂರಿನ ಅಜ್ಜ ಒಬ್ಬರು ಬಂದು ಬೆಂಚಿನ ಮೇಲೆ ಕೂತರು. ಟ್ರ್ಯಾಕ್ಟರ್ ಬಾಡಿಗೆ ಕೊಡಬೇಕಿತ್ತು. ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. "ನಿನ್ನೆ ನೀನೇ ಬರಕೊಂಡಿದ್ದೆಲ್ಲಪ್ಪಾ" ಎಂದು ನನ್ನ ಮುಖ ನೋಡಿದರು. ಆಗ ತಡೆಯಲಾಗದೆ ಗುಮಾಸ್ತರ ಮುಂದೆ ಒಪ್ಪಿಕೊಂಡೆ.

ಅವರು ಬೈಯಲಿಲ್ಲ. ತೂಕದ ಚೀಟಿಗಳ ಕಟ್ಟು ನನ್ನ ಮುಂದಿಟ್ಟರು. ರಾತ್ರಿ ಎಂಟರವರೆಗೆ ಒಂದೊಂದೇ ಚೀಟಿ ತಾಳೆ ನೋಡಿದೆವು. ಕೊನೆಗೆ ಆರಿಸುವ ಕ್ರಮ ಹೇಳಿಕೊಟ್ಟರು. ಮೊದಲು ಹೊಸ ನಮೂದು ನಿಲ್ಲಿಸಬೇಕು. ಮುಂದಿನ ಕಂಪ್ಯೂಟರ್‌ಗಳನ್ನು ಮುಚ್ಚಬೇಕು. ನಡೆಯುತ್ತಿರುವ ಬ್ಯಾಚ್ ಮುಗಿಯಲು ಬಿಡಬೇಕು. ಸಮಯವಿಲ್ಲದಿದ್ದರೆ ಕೈಯಲ್ಲಿರುವ ಬಿಲ್ಲನ್ನಾದರೂ ಮುಗಿಸಿ ನಿಲ್ಲಿಸಿ, ಎಲ್ಲಿಗೆ ನಿಂತಿತೆಂದು ಬರೆದಿಡಬೇಕು. ಆಮೇಲೆ ಡೇಟಾಬೇಸ್ ನಿಲ್ಲಿಸಬೇಕು, ಆಗ ಮೆಮೊರಿಯಲ್ಲಿರುವುದು ಡಿಸ್ಕಿಗೆ ಇಳಿಯುತ್ತದೆ. ನಂತರ ಸರ್ವರ್ ಶಟ್‌ಡೌನ್. ಎಲ್ಲಕ್ಕಿಂತ ಕೊನೆಗೆ ಯುಪಿಎಸ್. ಬೆಳಿಗ್ಗೆ ಇದೇ ಕ್ರಮ ತಿರುಗುಮುರುಗು.

"ಯಾವುದನ್ನು ಬೇರೆಯವು ನಂಬಿಕೊಂಡಿವೆಯೋ ಅದು ಕೊನೆಗೆ ಮಲಗಬೇಕು" ಎಂದರು. ತರಗತಿಯಲ್ಲಿ ಡೆಬಿಟ್ ಇದ್ದರೆ ಕ್ರೆಡಿಟ್ ಇರಲೇಬೇಕು ಎಂದು ಬಾಯಿಪಾಠ ಮಾಡಿದ್ದೆ. ಅರ್ಧ ನಮೂದು, ನಮೂದೇ ಇಲ್ಲದ್ದಕ್ಕಿಂತ ಕೆಟ್ಟದ್ದು ಎಂದು ಅವತ್ತು ತಿಳಿಯಿತು. ಮನೆಗೆ ಬಂದಾಗ ಅಮ್ಮಿ ಒಲೆ ಆರಿಸಿ, ಹಾಲು ಮುಚ್ಚಿ, ಹಿತ್ತಿಲ ಬಾಗಿಲು ಹಾಕಿ, ನನಗಾಗಿ ಮುಂಬಾಗಿಲ ದೀಪವೊಂದನ್ನೇ ಉಳಿಸಿದ್ದರು. ನಾನು ಒಳಗೆ ಬಂದ ಮೇಲೆ ಅದನ್ನು ಆರಿಸಿದರು.

ಅಜ್ಜನಿಗೆ ಎರಡು ದಿನ ತಡವಾಗಿ ಹಣ ಸಿಕ್ಕಿತು. ಲ್ಯಾಬಿನಲ್ಲಿ ಬೆಲ್ ಹೊಡೆದ ಕೂಡಲೇ ಸ್ವಿಚ್ ಒತ್ತಿ ಓಡುವ ಗೆಳೆಯರೇ, ಹತ್ತು ನಿಮಿಷ ನಿಲ್ಲಿ. ನಾನು ಓಡಿ ಹಿಡಿದ ಆ ಬಸ್ಸಿನ ಹಿಂದೆಯೇ ಇನ್ನೊಂದು ಬಸ್ಸಿತ್ತು.