ಪದ ಶರೀಫಜ್ಜಂದು, ಧಾಟಿ ಯಾರದು?

ಸಂಗೀತಗಾರನ ಬದುಕನ್ನು ಸಿನಿಮಾ ಮಾಡುವವರಿಗೆ ಒಂದು ಸುಖ ಇದೆ. ಹಾಡಿಗಾಗಿ ಯಾರ ಮನೆ ಬಾಗಿಲಿಗೂ ಹೋಗಬೇಕಿಲ್ಲ. ಕಥಾನಾಯಕನೇ ಕಟ್ಟಿಟ್ಟು ಹೋಗಿರುತ್ತಾನೆ. ಮಿಲೋಸ್ ಫೋರ್‌ಮನ್ 1984ರಲ್ಲಿ ಮೊಜಾರ್ಟ್‌ನ ಮೇಲೆ ‘ಅಮೇಡಿಯಸ್’ ತೆಗೆದಾಗ ಮೊಜಾರ್ಟ್ ತೀರಿಕೊಂಡು ಇನ್ನೂರು ವರ್ಷಕ್ಕೆ ಏಳು ಕಡಿಮೆ. ಆದರೇನು, ಆತ ಬರೆದ ಸ್ವರಗಳು ಕಾಗದದ ಮೇಲೆ ಭದ್ರವಾಗಿದ್ದವು. ನೆವಿಲ್ ಮ್ಯಾರಿನರ್ ವಾದ್ಯಗಾರರನ್ನು ಕೂಡಿಸಿ ನುಡಿಸಿದರು, ಕೆಲಸ ಆಯಿತು. ಆ ಸಿನಿಮಾದಲ್ಲಿ ಹೊಟ್ಟೆಕಿಚ್ಚಿನ ಸಾಲಿಯೇರಿ ಮೊಜಾರ್ಟ್‌ನ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಾನೆ. ಅವನ ಕಣ್ಣು ಓಡಿದಂತೆ ಸಂಗೀತ ನಮ್ಮ ಕಿವಿಗೆ ಬೀಳುತ್ತದೆ. ಸಾಲಿಯೇರಿಯ ಕಥೆಯಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬ ತಕರಾರು ಇದ್ದೇ ಇದೆ. ಕೇಳುವ ಸಂಗೀತ ಮಾತ್ರ ಮೊಜಾರ್ಟ್‌ನದೇ, ಅದರಲ್ಲಿ ತಕರಾರಿಲ್ಲ.

ನಮ್ಮ ಶಿಶುನಾಳ ಶರೀಫರಿಗೆ ಇಂಥ ಹಾಳೆಗಳಿಲ್ಲ. ಅವರು ಪದ ಕಟ್ಟಿದರು, ಹಾಡಿದರು, ಕೇಳಿದವರು ಬಾಯಿಪಾಠ ಮಾಡಿಕೊಂಡು ತಮ್ಮ ತಮ್ಮ ಊರಿಗೆ ಒಯ್ದರು. ಪದಗಳು ಹೇಗೋ ಕೂಡಿಬಂದು ಮುದ್ರಣದ ತನಕ ಬಂದವು. ಧಾಟಿಯನ್ನು ಮುದ್ರಿಸುವವರು ಯಾರು? ಏಕತಾರಿ ಹಿಡಿದ ಕೈ ಬದಲಾದಂತೆ ಅದೂ ಬದಲಾಯಿತು. ಹೀಗಾಗಿ 1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಶರೀಫ’ ತೆರೆಗೆ ತಂದಾಗ ಅವರ ಮುಂದಿದ್ದ ಪೇಚು ಫೋರ್‌ಮನ್‌ನಿಗೆ ಇರದೇ ಇದ್ದ ಪೇಚು. ಹಾಡು ಕಟ್ಟಿದವನ ಚರಿತ್ರೆ ತೆಗೆಯಬೇಕು, ಹಾಡನ್ನು ಮಾತ್ರ ಹೊಸದಾಗಿ ಇನ್ನೊಬ್ಬರಿಂದ ಕಟ್ಟಿಸಬೇಕು. ಆ ಇನ್ನೊಬ್ಬರು ಸಿ. ಅಶ್ವತ್ಥ್. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ನೌಕರಿಯಲ್ಲಿದ್ದವರು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶರೀಫರ ಪದಗಳನ್ನು ಆಯ್ದು ಕೊಟ್ಟು, ಅಶ್ವತ್ಥ್ ಅವಕ್ಕೆ ರಾಗ ಹಾಕಿ ಹಾಡಿ, ಸಿನಿಮಾಕ್ಕೆ ಮೊದಲೇ ಕ್ಯಾಸೆಟ್ಟಿನ ಮೂಲಕ ನಾಡಿನ ತುಂಬ ಹಬ್ಬಿಸಿದ್ದರು. ಆಗಿನ್ನೂ ಹಾವೇರಿ ಜಿಲ್ಲೆ ಹುಟ್ಟಿರಲಿಲ್ಲ. ಶಿಗ್ಗಾವಿ ತಾಲೂಕಿನ ಶಿಶುನಾಳ ಧಾರವಾಡ ಜಿಲ್ಲೆಯಲ್ಲಿತ್ತು. ಅಂದರೆ ನಮ್ಮ ಬೈಲಹೊಂಗಲ, ಕಿತ್ತೂರಿನವರಿಗೆ ಶರೀಫಜ್ಜ ಪಕ್ಕದ ಜಿಲ್ಲೆಯ ಮನುಷ್ಯ. ಅವನ ಪದ ಬೆಂಗಳೂರಿಗೆ ಹೋಗಿ, ರಾಗ ಹಾಕಿಸಿಕೊಂಡು, ಟೇಪು ರೆಕಾರ್ಡರಿನಲ್ಲಿ ಕೂತು ನಮ್ಮಲ್ಲಿಗೆ ತಿರುಗಿ ಬಂತು.

ಸಿನಿಮಾ ನಮ್ಮೂರಿನ ಟಾಕೀಸಿಗೆ ಬಂದಾಗ ಹನುಮಪ್ಪನ ಗುಡಿಯ ಭಜನಾ ಮೇಳ ಇಡೀ ಹೋಗಿತ್ತು. ಪೇಟಿ ಮಾಸ್ತರರು ನಡುವೆ, ತಾಳದವರು, ದಮ್ಮಡಿಯವರು ಆಚೆ ಈಚೆ, ಹಿಂದಿನ ಸಾಲಿನಲ್ಲಿ ನಾವು ಹುಡುಗರು. ಶರೀಫರ ಗುರು ಗೋವಿಂದಭಟ್ಟರಾಗಿ ಗಿರೀಶ ಕಾರ್ನಾಡ ಬಂದಾಗ ಯಾರಿಗೂ ಅಪರಿಚಿತರನ್ನು ನೋಡಿದ ಹಾಗೆ ಆಗಲಿಲ್ಲ. ಧಾರವಾಡದಲ್ಲಿ ಬೆಳೆದ ಬಾಯಿ, ಗುರುವಿನ ಬೈಗುಳವೂ ನಮ್ಮ ಓಣಿಯದೇ ಅನ್ನಿಸುವಂತಿತ್ತು. ಶರೀಫರಾಗಿದ್ದವರು ಶ್ರೀಧರ್, ಭರತನಾಟ್ಯದ ಕಲಾವಿದರು. ಗುರು ಶಿಷ್ಯನಿಗೆ ಜನಿವಾರ ಹಾಕುವಾಗ ಟಾಕೀಸಿನಲ್ಲಿ ಶೇಂಗಾ ಸುಲಿಯುವ ಸಪ್ಪಳವೂ ನಿಂತಿತ್ತು. ಹೊರಗೆ ಬಂದ ಮೇಲೆ ಚಹಾದಂಗಡಿಯ ಮುಂದೆ ವಿಮರ್ಶೆ ಶುರುವಾಯಿತು.

“ಸಿನಿಮಾ ಚಲೋ ಐತಿ,” ಅಂದರು ಮಾಸ್ತರರು. “ಆದ್ರ ಶರೀಫಜ್ಜ ಇಷ್ಟ ಗಟ್ಟಿ ಹಾಡತಿದ್ನೇನೋ?”

ತಾಳದವರು ಬಿಡಲಿಲ್ಲ. “ಕರೆಂಟ ಇರಲಿಲ್ಲ, ಮೈಕ ಇರಲಿಲ್ಲ. ಗಟ್ಟಿ ಹಾಡದಿದ್ರ ಯಾರಿಗೆ ಕೇಳಸ್ತಿತ್ರಿ ಮಾಸ್ತರ?”

ವಾದ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ, ಏಕೆಂದರೆ ಮಾಸ್ತರರ ನಿಜವಾದ ಸಂಕಟ ಗಂಟಲಿನದಲ್ಲ. ಕೋಡಗ, ಕೋಳಿಯ ಪದವನ್ನು ಅವರ ಮೇಳ ಹಾಡುವ ಧಾಟಿಯೇ ಬೇರೆ ಇತ್ತು. ತುಸು ನಿಧಾನ, ಪ್ರತಿ ನುಡಿಯ ಕೊನೆಗೆ ತಾಳ ನಿಲ್ಲಿಸಿ, ಎಲ್ಲರೂ ಕೂಡಿ ಎಳೆದು, ಮತ್ತೆ ಹಿಡಿಯುವುದು. ಒಂದನ್ನೊಂದು ನುಂಗುವ ವಸ್ತುಗಳ ಆ ಒಗಟಿನ ಪದಕ್ಕೆ ಆ ನಿಲುಗಡೆ ಬೇಕು ಎನ್ನುವುದು ಅವರ ವಾದ. ಕೇಳುವವನಿಗೆ ಯೋಚಿಸಲು ಅಷ್ಟು ಪುರುಸೊತ್ತು ಕೊಡಬೇಕಂತೆ. ಅಶ್ವತ್ಥರ ಧಾಟಿ ಪುರುಸೊತ್ತು ಕೊಡುವುದಿಲ್ಲ, ಕೈ ಹಿಡಿದು ಓಡಿಸಿಕೊಂಡು ಹೋಗುತ್ತದೆ. ನನಗೆ ಎರಡೂ ಇಷ್ಟ. ಆದರೆ ಒಗಟು ಬಿಡಿಸುವ ಮನಸ್ಸಿದ್ದ ದಿನ ಮಾಸ್ತರರದೇ ಹೆಚ್ಚು ಇಷ್ಟ.

ಮನೆಯ ಮಾಳಿಗಿ ಸೋರುವ ಪದದ ಕಥೆ ಇನ್ನೂ ಸ್ವಾರಸ್ಯದ್ದು. ಮನೆ ಸೋರುವುದರ ಒಳಗೆ ದೇಹ, ಅಜ್ಞಾನ, ಸಂಸಾರ ಎಲ್ಲ ಇವೆ ಎಂದು ವ್ಯಾಖ್ಯಾನ ಮಾಡುತ್ತಾರೆ, ಇವೆ ನಿಜ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಅದಕ್ಕೂ ಮೊದಲು ಮಾಳಿಗಿ ಅಂದರೆ ಮಾಳಿಗಿಯೇ. ತೊಲೆ, ಜಂತಿ, ಹಲಗೆ, ಅದರ ಮೇಲೆ ದಪ್ಪನೆಯ ಮಣ್ಣು. ಮುಂಗಾರಿಗೆ ಮುಂಚೆ ಮೇಲೆ ಹತ್ತಿ ಕರಲು ಮಣ್ಣು ಹರವಿ ತುಳಿಯಬೇಕು. ಆ ವರ್ಷ ಆಲಸ್ಯ ಮಾಡಿದರೆ ಮೃಗಶಿರಾ ಮಳೆ ಬೆಳಕಿಂಡಿಯ ಸುತ್ತಲಿಂದಲೇ ಲೆಕ್ಕ ಚುಕ್ತಾ ಮಾಡುತ್ತದೆ. ನಡುರಾತ್ರಿ ಎದ್ದು ಹನಿ ಬಿದ್ದಲ್ಲೆಲ್ಲ ಕೊಡ, ಬೋಗುಣಿ, ತಾಟು ಇಡುತ್ತ ಓಡಾಡಿದವರಿಗೆ ಆ ಪದದಲ್ಲಿ ಅಧ್ಯಾತ್ಮ ತಡವಾಗಿ ಕಾಣುತ್ತದೆ. ಮೊದಲು ಕಾಣುವುದು ಮೇಲೆ ಹತ್ತಿ ಮಣ್ಣು ಹಾಕಬೇಕಾದವನು ಯಾರು ಎಂಬ ಗಂಡ–ಹೆಂಡಿರ ಜಗಳ. ಟಾಕೀಸಿನಲ್ಲಿ ಆ ಹಾಡು ಬಂದಾಗ ಮುಂದಿನ ಸಾಲಿನ ಅವ್ವನೊಬ್ಬಳು ಪಕ್ಕದ ಗಂಡನನ್ನು ಮೊಣಕೈಯಿಂದ ತಿವಿದಳು. ಅಧ್ಯಾತ್ಮಕ್ಕಂತೂ ತಿವಿದಿರಲಿಕ್ಕಿಲ್ಲ. ಈಗ ನಮ್ಮಲ್ಲೂ ಮಾಳಿಗಿ ತೆಗೆದು ಸ್ಲ್ಯಾಬು ಹಾಕಿಸಿದ್ದಾರೆ. ಸ್ಲ್ಯಾಬೂ ಸೋರುತ್ತದೆ, ಅದು ಬೇರೆ ಮಾತು. ಅದಕ್ಕೆ ಪದ ಕಟ್ಟುವವರು ಹುಟ್ಟಿಲ್ಲ.

ಸಿನಿಮಾ ಎಂಬುದು ಸತ್ತವರಿಗೆ ಮುಖ ಹಚ್ಚಿಕೊಡುತ್ತದೆ, ಮತ್ತೆ ತೆಗೆಯಲು ಬಿಡುವುದಿಲ್ಲ. ಇದರ ಅನುಭವ ನಮ್ಮ ಕಡೆ ಮೊದಲೇ ಆಗಿತ್ತು. ಕಿತ್ತೂರ ಚೆನ್ನಮ್ಮನ ಸಮಾಧಿ ಇರುವುದು ನಮ್ಮ ಬೈಲಹೊಂಗಲದಲ್ಲಿ. 1829ರಲ್ಲಿ ಇಲ್ಲಿಯ ಸೆರೆಯಲ್ಲೇ ಆಕೆ ತೀರಿಕೊಂಡದ್ದು. ಆದರೆ ಸಮಾಧಿಯ ಮುಂದೆ ಕೈಮುಗಿದು ಕಣ್ಣು ಮುಚ್ಚಿದ ನಮ್ಮ ಹಿರಿಯರಿಗೆ ಕಾಣುತ್ತಿದ್ದದ್ದು 1961ರ ಪಂತುಲು ಸಿನಿಮಾದ ಬಿ. ಸರೋಜಾದೇವಿಯ ಮುಖ. ಶರೀಫಜ್ಜನಿಗೂ ಶ್ರೀಧರರ ಮುಖ ಅಂಟಿಕೊಂಡಿತು. ಅಂದ ಹಾಗೆ, ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ 1824ರ ಅಕ್ಟೋಬರಿನಲ್ಲಿ ಶರೀಫ ಐದು ವರ್ಷದ ಹುಡುಗ. ಆ ಸುದ್ದಿ ಶಿಶುನಾಳದ ಕಟ್ಟೆಗೂ ಬಂದಿರಬೇಕು, ಹುಡುಗ ಬಾಯಿಬಿಟ್ಟು ಕೇಳಿರಬೇಕು ಎಂದು ನನ್ನ ಊಹೆ. ಊಹೆಗೆ ಆಧಾರವಿಲ್ಲ, ಇರಲಿ.

ಮುಖ ಅಂಟಿದರೆ ಪರವಾಗಿಲ್ಲ, ಧಾಟಿ ಅಂಟಬಾರದು ಎಂಬುದು ಮಾಸ್ತರರ ಭಯ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಭಾರತ ಹುಣ್ಣಿಮೆಗೆ ಚೌಡಿಕೆ ಹಿಡಿದು ಕೂತ ಜೋಗತಿಯರನ್ನು ತೋರಿಸಿ ಅವರು ಹೇಳುತ್ತಿದ್ದರು: ಈ ಪದಗಳನ್ನು ಯಾರು ಕಟ್ಟಿದರು ಯಾರಿಗೂ ಗೊತ್ತಿಲ್ಲ, ಅದಕ್ಕೇ ಒಬ್ಬೊಬ್ಬಳೂ ತನ್ನದೇ ಅಂದುಕೊಂಡು ಹಾಡುತ್ತಾಳೆ. ಶರೀಫಜ್ಜನ ಪದದ ಕೊನೆಯಲ್ಲಿ ಶಿಶುನಾಳಧೀಶ ಎಂಬ ಅಂಕಿತ ಇರುವುದರಿಂದ ಪದ ಯಾರದೆಂದು ಗೊತ್ತು. ಧಾಟಿಗೆ ಅಂಕಿತ ಇರಲಿಲ್ಲ. ಸಿನಿಮಾ ಬಂದ ಮೇಲೆ ಅದಕ್ಕೂ ಅಂಕಿತ ಬಿತ್ತು. ರಾಮದುರ್ಗ, ಸುರೇಬಾನದ ಮಗ್ಗದ ಮನೆಗಳಲ್ಲೂ ಅದೇ ಕ್ಯಾಸೆಟ್ಟು, ಭಜನಾ ಸ್ಪರ್ಧೆಗಳಲ್ಲೂ ಅದೇ ಧಾಟಿ. ಬೇರೆ ಧಾಟಿಯಲ್ಲಿ ಹಾಡಿದ ಮೇಳಕ್ಕೆ ನಿರ್ಣಾಯಕರೊಬ್ಬರು “ರಾಗ ತಪ್ಪಿತು” ಎಂದು ಅಂಕ ಕಡಿದದ್ದನ್ನು ನಾನೇ ಕಂಡಿದ್ದೇನೆ.

ಆದರೆ ವರ್ಷಗಳು ಕಳೆದಂತೆ ನಡೆದದ್ದು ಮಾಸ್ತರರು ಹೆದರಿದ ಹಾಗಲ್ಲ. ಅಶ್ವತ್ಥರ ಧಾಟಿ ಹಳ್ಳಿಗೆ ಬಂದು ಹಳ್ಳಿಯದಾಯಿತು. ವಾದ್ಯಮೇಳದ ಜಾಗದಲ್ಲಿ ಪೇಟಿಯ ಎರಡು ಮನೆ, ಪಿಟೀಲಿನ ತುಣುಕನ್ನು ಯಾರೋ ಬಾಯಲ್ಲೇ ಅಂದುಬಿಟ್ಟರು, ತಾರಕಕ್ಕೆ ಗಂಟಲು ಏರದವರು ಕೆಳಗೇ ತಿರುಗಿಸಿಕೊಂಡರು. ನುಡಿಯ ಕೊನೆಗೆ ತಾಳ ನಿಲ್ಲಿಸಿ ಎಳೆಯುವ ಹಳೆಯ ಚಾಳಿಯೂ ಸದ್ದಿಲ್ಲದೆ ಒಳಗೆ ಬಂತು. ಈಗ ಹಾಡುವ ಹುಡುಗರನ್ನು ಇದು ಯಾರ ಧಾಟಿ ಎಂದು ಕೇಳಿದರೆ, “ಶರೀಫಜ್ಜಂದ ಅಲ್ಲೇನ್ರಿ, ಮೊದಲಿಂದನೂ ಹಿಂಗ ಐತಿ” ಅನ್ನುತ್ತಾರೆ. ಬೆಂಗಳೂರಿನ ಒಬ್ಬ ಸಂಗೀತಗಾರನಿಗೆ ನಮ್ಮ ಸೀಮೆ ಇದಕ್ಕಿಂತ ದೊಡ್ಡ ಮರ್ಯಾದೆ ಕೊಡಲಾರದು. ಸಿನಿಮಾಕ್ಕೆ ಭಾವೈಕ್ಯದ ಲೆಕ್ಕದಲ್ಲಿ ನರ್ಗಿಸ್ ದತ್ ಪ್ರಶಸ್ತಿ ಬಂತು, ಸಂತೋಷ. ಹೆಸರು ಅಳಿಸಿಹೋಗುವ ಈ ಪ್ರಶಸ್ತಿಯನ್ನು ಮಾತ್ರ ದಿಲ್ಲಿ ಕೊಡುವುದಿಲ್ಲ. ಶರೀಫರು 1819ರ ಜುಲೈ 3ರಂದು ಹುಟ್ಟಿ, ಎಪ್ಪತ್ತು ತುಂಬಿದ ದಿನವೇ, 1889ರ ಜುಲೈ 3ರಂದು ದೇಹ ಬಿಟ್ಟರೆಂದು ಹೇಳುತ್ತಾರೆ. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29, ತೀರಿಕೊಂಡದ್ದು 2009ರ ಡಿಸೆಂಬರ್ 29. ಅವರಿಗೂ ಅಂದೇ ಎಪ್ಪತ್ತು ತುಂಬಿತ್ತು. ಈ ಲೆಕ್ಕವನ್ನು ಹೇಳಿದಾಗ ಮಾಸ್ತರರು ಬಹಳ ಹೊತ್ತು ಎಲೆ ಅಡಿಕೆ ಜಗಿದು, “ಹಂಗಾರ ಆ ಧಾಟಿಗೆ ಅವನ ಒಪ್ಪಿಗಿ ಇತ್ತಂತ ಆತು” ಎಂದು ತೀರ್ಪು ಕೊಟ್ಟರು. ವಿಚಾರವಾದಿಗಳು ಕ್ಷಮಿಸಬೇಕು, ನನಗೆ ಆ ತೀರ್ಪು ಸರಿ ಅನ್ನಿಸಿತು.

ಸಿನಿಮಾದವರು, ಕ್ಯಾಸೆಟ್ಟಿನವರು ಮುಟ್ಟದೇ ಬಿಟ್ಟ ಪದಗಳ ಮಾತೇ ಬೇರೆ. ಶರೀಫರು ಮೊಹರಂಗೆಂದು ಕಟ್ಟಿದ ರಿವಾಯತ್ ಪದಗಳಿವೆ, ಕರ್ಬಲಾದ ಕಥೆಯವು. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಅವನ್ನು ಹಾಡುವವರಲ್ಲಿ ಲಿಂಗ ಕಟ್ಟಿದವರೂ ಇರುತ್ತಾರೆ, ಅದರಲ್ಲಿ ಇಲ್ಲಿ ಯಾರಿಗೂ ವಿಶೇಷ ಕಾಣುವುದಿಲ್ಲ. ಅವಕ್ಕೆ ಇಂದಿಗೂ ಊರಿಗೊಂದು ಧಾಟಿ. ಮುರಗೋಡದವರದು ಒಂದು, ಯರಗಟ್ಟಿಯವರದು ಇನ್ನೊಂದು, ನಮ್ಮದು ಮತ್ತೊಂದು. ಹೋದ ಮೊಹರಮ್ಮಿನಲ್ಲಿ ಮೂರೂ ಊರಿನವರು ಒಂದೆಡೆ ಕೂಡಿದಾಗ ಶರೀಫಜ್ಜನ ಅಸಲು ಧಾಟಿ ಯಾವುದೆಂದು ಬೆಳಗಿನ ತನಕ ವಾದವಾಯಿತು. ಮಾಸ್ತರರು ವಾದಕ್ಕೆ ಇಳಿಯಲಿಲ್ಲ. ನಮ್ಮೂರದ್ದೇ ಅಸಲು ಎಂಬುದರಲ್ಲಿ ಅವರಿಗೆ ವಾದಿಸುವಂಥದ್ದೇನೂ ಕಂಡಿರಲಿಲ್ಲ.