ಚನ್ನಪಟ್ಟಣ: ದಾರಿಹೋಕರನ್ನು ನಂಬಿದ ಊರು

ಚನ್ನಪಟ್ಟಣ ಅಂದರೆ ಗೊಂಬೆ ಎನ್ನುತ್ತಾರೆ ಎಲ್ಲರೂ. ಅಲ್ಲೇ ಹುಟ್ಟಿ ಬೆಳೆದ ನನಗೆ ಅದು ಅರ್ಧ ಮಾತು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ನಮ್ಮೂರಿನ ದಾರಿಯಲ್ಲಿ ಬಂದಾಗ ಇಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುತ್ತಿದ್ದರು. ದೂರದೂರದ ಪ್ರಾಂತಗಳ ವೀಣೆ, ತಂಬೂರಿಗೆ ಚನ್ನಪಟ್ಟಣದ ತಂತಿಯೇ ಆಗಬೇಕಿತ್ತು. ಬಿಳಿ ಸಕ್ಕರೆ ಮಾಡುವ ಒಂದು ಮನೆತನವೂ ಇತ್ತು. ಆ ಸಕ್ಕರೆ ಶ್ರೀರಂಗಪಟ್ಟಣದ ಅರಮನೆಗೆ ಹೋಗುತ್ತಿತ್ತು, ಮಾಡುವ ಗುಟ್ಟು ಮನೆಯೊಳಗೇ ಉಳಿಯುತ್ತಿತ್ತು. ನಾನು ಹುಟ್ಟುವ ಹೊತ್ತಿಗೆ ತಂತಿಯೂ ಇಲ್ಲ, ಸಕ್ಕರೆಯೂ ಇಲ್ಲ. ಊರು ಮಾತ್ರ ಬೆಂಗಳೂರು–ಮೈಸೂರು ದಾರಿಗೆ ಅಂಟಿಕೊಂಡೇ ಇತ್ತು. ನಮ್ಮ ಕಸುಬುಗಳೆಲ್ಲ ಆ ದಾರಿಯನ್ನೇ ನಂಬಿದ್ದವು.

ನಾನು ಕಣ್ಣಾರೆ ಕಂಡದ್ದರಲ್ಲಿ ಮೊದಲನೆಯದು ರೇಷ್ಮೆ. ಮೈಸೂರು ಸಂಸ್ಥಾನ ಇಟಲಿಯ ತಜ್ಞರನ್ನು ಕರೆಸಿ ರೇಷ್ಮೆ ಇಲಾಖೆ ಕಟ್ಟಿದ ಕಾಲದಲ್ಲೇ ನಮ್ಮೂರಲ್ಲಿ ಸರ್ಕಾರಿ ರೇಷ್ಮೆ ಫಾರಂ ಶುರುವಾಯಿತು. 1930ರ ದಶಕದಲ್ಲಿ ಸ್ಪನ್ ಸಿಲ್ಕ್ ಮಿಲ್ಲು ಬಂತು. ನಮ್ಮ ಸೋದರಮಾವ ಅಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದರು. ನೂಲು ಬಿಚ್ಚಿದ ಮೇಲೆ ಉಳಿದ ಸಿಕ್ಕು, ಚಿಟ್ಟೆ ತೂತು ಕೊರೆದು ಹೊರಬಂದ ಗೂಡು, ಹೀಗೆ ಯಾರಿಗೂ ಬೇಡವಾದ ರೇಷ್ಮೆಯೆಲ್ಲ ಅಲ್ಲಿಗೆ ಮೂಟೆಗಟ್ಟಲೆ ಬರುತ್ತಿತ್ತು. ಅದನ್ನು ಬೇಯಿಸಿ, ತೊಳೆದು, ಬಾಚಿ, ಹತ್ತಿಯ ಹಾಗೆ ನೂಲುತ್ತಿದ್ದರು. ಮಾವ ಮನೆಗೆ ಬಂದರೆ ಬೆಂದ ಹುಳುವಿನ ವಾಸನೆ ಬರುತ್ತಿತ್ತು. ಅತ್ತೆ ಅವರ ಅಂಗಿಯನ್ನು ಬೇರೆಯಾಗಿಯೇ ಒಗೆಯುತ್ತಿದ್ದರು. ಆದರೂ ತಿಂಗಳ ಸಂಬಳದ ಕೆಲಸ ಅದು, ಹೆಣ್ಣು ಕೊಡುವವರು ‘ಹುಡುಗ ಮಿಲ್ಲಲ್ಲಿದ್ದಾನಾ’ ಎಂದು ಕೇಳುತ್ತಿದ್ದ ಕಾಲ. ಯಂತ್ರ ಹಳತಾಗುತ್ತ ಬಂತು, ಆಳುಗಳು ಕಮ್ಮಿಯಾದರು, ಕೊನೆಗೆ ಮಿಲ್ಲು ನಿಂತಿತು. ಕಸುಬು ಕಲಿತ ಅಷ್ಟು ಜನ ಸುಮ್ಮನೆ ಚದುರಿಹೋದದ್ದು ನನಗೆ ಇಂದಿಗೂ ಸಂಕಟದ ವಿಷಯ.

ಗೊಂಬೆಯ ಕತೆ ಬೇರೆ. ಟಿಪ್ಪು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದ ಎಂದು ಹಿರಿಯರು ಹೇಳುತ್ತಿದ್ದರು. ಜಪಾನಿನ ಅರಗಿನ ಕೆಲಸ ನೋಡಿ ಇಲ್ಲಿನ ಕೆಲಸ ತಿದ್ದಿದವರು ಎಂದು ಬಾವಾಸ್ ಮಿಯಾ ಅವರ ಹೆಸರನ್ನು ಊರು ಗೌರವದಿಂದ ನೆನೆಯುತ್ತದೆ. ನಮ್ಮ ಬೀದಿಯಲ್ಲಿ ಮನೆಯ ಮುಂಭಾಗವೇ ಕಾರ್ಖಾನೆ. ಸ್ಕೂಲು ಬಿಟ್ಟೊಡನೆ ನಾವು ಹುಡುಗರು ಅಲ್ಲಿ ಕೂತು ಬುಗುರಿಗಳಿಗೆ ಉಪ್ಪು ಕಾಗದ ಉಜ್ಜುತ್ತಿದ್ದೆವು, ನಾಲ್ಕು ಕಾಸು ಸಿಗುತ್ತಿತ್ತು.

ಕೆಲಸಕ್ಕೆ ಬೇಕಾದ್ದು ಹಾಲೆ ಮರ. ಬಿಳಿ, ಮೆದು, ಎಳೆ ಕಾಣದಷ್ಟು ನಯ. ಸಿಪ್ಪೆ ತೆಗೆದು ತಿಂಗಳುಗಟ್ಟಲೆ ಒಣಗಿಸಬೇಕು, ಅವಸರ ಮಾಡಿದರೆ ಗೊಂಬೆ ಮಾಡಿದ ಮೇಲೆ ಬಿರುಕು ಬಿಡುತ್ತದೆ. ಮೋಟಾರ್ ಲೇತ್ ಬಂದಿದ್ದರೂ ನಮ್ಮ ಎದುರು ಮನೆಯ ಚಾಚಾ ಬಿಲ್ಲು ಬಿಟ್ಟಿರಲಿಲ್ಲ. ಒಂದು ಕೈಯಲ್ಲಿ ಬಿಲ್ಲು ಎಳೆದು ಮರ ತಿರುಗಿಸುವುದು, ಇನ್ನೊಂದು ಕೈಯಲ್ಲಿ ಉಳಿ, ಉಳಿ ಅಲುಗದಂತೆ ಕಾಲ್ಬೆರಳಿನ ಆಸರೆ. ಬಿಲ್ಲು ಎಳೆದಾಗ ಮರ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ತಿರುಗುತ್ತದಲ್ಲ, ಉಳಿ ಕಚ್ಚುವುದು ಒಂದೇ ಕಡೆಯ ಸುತ್ತಿನಲ್ಲಿ. ‘ಒತ್ತಬೇಡ ಮರೀ, ಮರಾನೇ ಬಂದು ಉಳಿಗೆ ತಾಗ್ಲಿ’ ಅನ್ನುತ್ತಿದ್ದರು.

ಆಮೇಲೆ ಬಣ್ಣ. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಬೆಂಕಿ ಬೇಡ, ಕುಂಚ ಬೇಡ. ಮೇಲೆ ಒಣ ತಾಳೆ ಗರಿ, ಅದೇ ಕೇದಿಗೆಯ ಎಲೆ, ಒತ್ತಿ ಎಳೆದರೆ ಮಂಕಾಗಿದ್ದ ಅರಗು ಒಮ್ಮೆಗೇ ಹೊಳೆಯುತ್ತದೆ. ಎಷ್ಟೋ ಸಂಜೆ ಆ ಕ್ಷಣ ನೋಡಲೆಂದೇ ಕೂತಿದ್ದೇನೆ. ಅರಿಶಿನ, ನೀಲಿ, ಕಾಚು ಹಾಕಿದ ಗೊಂಬೆಯನ್ನು ಮಗು ಬಾಯಿಗಿಟ್ಟರೂ ತಾಯಿ ಹೆದರಬೇಕಿಲ್ಲ.

ಕೊಳ್ಳುವವರು ಬರುತ್ತಿದ್ದದ್ದು ಹೆದ್ದಾರಿಯಿಂದ. ಮೈಸೂರಿಗೆ ಹೊರಟ ಕಾರು, ಟೂರಿಸ್ಟ್ ಬಸ್ಸು ಊರ ನಡುವೆಯೇ ಹಾದುಹೋಗಬೇಕು. ಕಾಫಿಗೆ ಇಳಿದವರು ಗಿಲಕಿಯನ್ನೋ ತೂಗು ಕುದುರೆಯನ್ನೋ ಹಿಡಿದು ಹತ್ತುತ್ತಿದ್ದರು. ಚೀನಾದ ಪ್ಲಾಸ್ಟಿಕ್ ಬಂದ ವರ್ಷಗಳಲ್ಲಿ ಎಷ್ಟೋ ಲೇತ್‌ಗಳು ನಿಂತವು. ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿತು, 2015ರ ಗಣರಾಜ್ಯೋತ್ಸವದಲ್ಲಿ ನಮ್ಮ ಗೊಂಬೆಗಳೇ ಕರ್ನಾಟಕದ ಸ್ತಬ್ಧಚಿತ್ರವಾಗಿ ದೆಹಲಿಯ ರಾಜಪಥದಲ್ಲಿ ಸಾಗಿದವು. ಟಿವಿ ಮುಂದೆ ಇಡೀ ಬೀದಿ ಸೇರಿತ್ತು. ಮರುದಿನ ಅಂಗಡಿಗಳಲ್ಲಿ ಗಿರಾಕಿಗಳು ಹೆಚ್ಚೇ ಇದ್ದರು.

ಪ್ಲಾಸ್ಟಿಕ್ಕಿಗಿಂತ ದೊಡ್ಡ ಪೆಟ್ಟು ಕೊಟ್ಟದ್ದು ಬೈಪಾಸು. 2023ರ ಮಾರ್ಚಿನಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಬೆಂಗಳೂರಿನಿಂದ ಹೊರಟವರು ಈಗ ಊರನ್ನು ಬದಿಗಿಟ್ಟು ಹಾಯುತ್ತಾರೆ. ಪ್ರಯಾಣ ಬೇಗ ಮುಗಿಯುತ್ತದೆ, ಅದು ಒಳ್ಳೆಯದೇ, ಆಸ್ಪತ್ರೆಗೆ ಓಡುವವರಿಗೆ ಆ ರಸ್ತೆ ಬೇಕು. ಆದರೆ ಹಳೇ ರಸ್ತೆಯ ಗೊಂಬೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನಾನು ನೋಡಿದ್ದೇನೆ. ರಸ್ತೆಗೆ ನಕ್ಷೆ ಬರೆಯುವಾಗಲೇ ಈ ವ್ಯಾಪಾರಕ್ಕೊಂದು ಜಾಗ ಗುರುತಿಸಬಹುದಿತ್ತು.

ಚಾಚಾನ ಮೊಮ್ಮಗಳು ಈಗ ಲೇತ್ ಹಿಡಿದಿದ್ದಾಳೆ. ಆರ್ಡರು ಫೋನಿನಲ್ಲಿ ಬರುತ್ತದೆ, ಮಾಲು ಕೊರಿಯರಿನಲ್ಲಿ ಹೋಗುತ್ತದೆ. ಗಿರಾಕಿಗಳನ್ನು ಅವಳು ಹೇಗೋ ಹುಡುಕಿಕೊಂಡಳು, ಈಗ ಅವಳ ಚಿಂತೆ ಮರದ್ದು. ಒಳ್ಳೆಯ ಹಾಲೆ ಸಿಗುವುದು ಕಷ್ಟವಾಗಿ ಅನೇಕರು ರಬ್ಬರ್ ಮರಕ್ಕೆ ತಿರುಗಿದ್ದಾರೆ. ‘ಮಾಮಾ, ನಿಮ್ಮ ತೋಟದ ಬದುವಿನಲ್ಲಿ ಹಾಲೆ ಹಾಕಿಸ್ತೀರಾ? ನನಗಲ್ಲದಿದ್ರೂ ಮುಂದೆ ಯಾರಿಗಾದ್ರೂ ಆಗುತ್ತೆ’ ಎಂದು ಕೇಳಿದಳು. ಈ ಮಳೆಗಾಲಕ್ಕೆ ಗುಂಡಿ ತೆಗೆಸಿದ್ದೇನೆ. ಬದು ಇರುವ ನಮ್ಮ ಸುತ್ತಲಿನ ರೈತರಲ್ಲೂ ಇದನ್ನೇ ಕೇಳುತ್ತಿದ್ದೇನೆ.