ಸಮರ್ಕಂದದ ರೊಟ್ಟಿ

ದೇಶಸಂಚಾರ ಮಾಡಿ ಬಂದವರು ತಾವು ಕಂಡ ಕಟ್ಟಡಗಳ ಎತ್ತರವನ್ನೂ ಕೊಂಡ ವಸ್ತುಗಳ ಬೆಲೆಯನ್ನೂ ಹೇಳುವುದು ವಾಡಿಕೆ. ನಾವು ಸಮರ್ಕಂದದಿಂದ ತಂದದ್ದು ಒಂದೇ ಒಂದು ರೊಟ್ಟಿ. ಅದೂ ಒಬ್ಬರು ಕಚ್ಚಿದ ರೊಟ್ಟಿ. ಮಠದ ಸ್ವಾಮಿಗಳು ಹಿಮಾಲಯದಾಚೆಯಿಂದ ಎಂಜಲು ರೊಟ್ಟಿಯನ್ನು ಹೊತ್ತು ತಂದರೆಂಬ ಮಾತು ಈಗಾಗಲೇ ಕೆಲವರ ಕಿವಿಗೆ ಬಿದ್ದಿದೆ. ಆದುದರಿಂದ ನಡೆದುದನ್ನು ನಡೆದಂತೆ ನಿಮ್ಮ ಮುಂದಿಡುವುದು ಲೇಸೆಂದು ತೋರಿತು.

ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿ, ಈಗ ಹಳ್ಳಿಯೊಂದರಲ್ಲಿ ಶಿಕ್ಷಕರಾಗಿರುವ ಭಕ್ತರೊಬ್ಬರ ಮಗಳು ಸಮರ್ಕಂದದಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದಾಳೆ. ಭಾರತದಿಂದ ಹೀಗೆ ಹೋಗಿ ಓದುವ ಮಕ್ಕಳು ಅಲ್ಲಿ ಬಹಳ. 2024ರ ಅಕ್ಟೋಬರಿನಲ್ಲಿ ಇಬ್ಬರು ಭಕ್ತರು ವ್ಯಾಪಾರದ ನಿಮಿತ್ತ ತಾಷ್ಕೆಂಟಿಗೆ ಹೊರಟವರು ನಮ್ಮನ್ನೂ ಕರೆದರು. ಸುದ್ದಿ ತಿಳಿದ ಆ ಹುಡುಗಿಯ ತಾಯಿ ಮಠಕ್ಕೆ ಬಂದು ಒಂದು ಗಂಟನ್ನು ನಮ್ಮ ಮುಂದಿಟ್ಟರು. ಒಳಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. “ಅಜ್ಜಾರ, ಅಕಿ ಮನಿಗೆ ಬಂದು ಎರಡು ವರ್ಷಾತ್ರಿ. ಹೋಗಿ ಬರೂ ಖರ್ಚು ನಮ್ಮ ಕೈಲೆ ನೀಗಂಗಿಲ್ರಿ. ಇದನ್ನಷ್ಟು ಅಕಿ ಕೈಯಾಗ ಕೊಡ್ರಿ” ಎಂದರು. ಆ ಗಂಟು ನಮ್ಮ ಪೂಜಾಸಾಮಗ್ರಿಯ ಪೆಟ್ಟಿಗೆಯ ಪಕ್ಕದಲ್ಲಿಯೇ ಪ್ರಯಾಣ ಮಾಡಿತು.

ದಿಲ್ಲಿಯಿಂದ ತಾಷ್ಕೆಂಟಿಗೆ ವಿಮಾನದಲ್ಲಿ ಮೂರು ಗಂಟೆಗಳ ಹಾದಿ. 1966ರ ಜನವರಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳು ದೇಹವಿಟ್ಟ ಊರು ಅದು. ಅವರ ಪ್ರತಿಮೆಗೆ ಕೈಮುಗಿದು, ಮರುದಿನ ಬೆಳಿಗ್ಗೆ ವೇಗದ ರೈಲನ್ನೇರಿ ಎರಡು ಗಂಟೆಗಳಿಗೆ ತುಸು ಹೆಚ್ಚು ಕಾಲದಲ್ಲಿ ಸಮರ್ಕಂದವನ್ನು ಮುಟ್ಟಿದೆವು. ನಿಲ್ದಾಣದಲ್ಲಿ ಹುಡುಗಿ ಕಾದು ನಿಂತಿದ್ದಳು. ನಮಸ್ಕರಿಸಿ ಎದ್ದವಳ ಕಣ್ಣು ನಮ್ಮ ಮುಖಕ್ಕಿಂತ ಮೊದಲು ಆ ಗಂಟಿನ ಮೇಲೆ ನಿಂತಿತು.

ಆ ಊರಿನ ರೆಗಿಸ್ತಾನವೆಂಬ ಚೌಕವನ್ನು ಕಂಡಾಗ ನಮಗೆ ಹೊಸತೆನ್ನಿಸಲಿಲ್ಲವೆಂದರೆ ನೀವು ನಂಬಲಾರಿರಿ. ಮೂರು ಕಡೆಗೆ ಮೂರು ಮದರಸಾಗಳು. ಉಲೂಗ್ ಬೇಗನು 1417ರಿಂದ 1420ರವರೆಗೆ ಕಟ್ಟಿಸಿದುದು ಮೊದಲನೆಯದು. ಉಳಿದೆರಡು ಹದಿನೇಳನೆಯ ಶತಮಾನದವು. ನೀಲಿ, ಹಸಿರು, ಹಳದಿ ಬಣ್ಣದ ಮೆರುಗಿನ ಹೆಂಚುಗಳು ಗೋಡೆಯ ತುಂಬ ಹೊಳೆಯುತ್ತವೆ. ನಾವು ಮಠದ ವಟುವಾಗಿದ್ದಾಗ ಹಿರಿಯ ಗುರುಗಳೊಡನೆ ಕಲ್ಯಾಣಕ್ಕೆ ಹೋಗುತ್ತ ಬೀದರಿನಲ್ಲಿ ಇಳಿದು ಮಹಮೂದ್ ಗವಾನನ ಮದರಸಾವನ್ನು ನೋಡಿದ್ದೆವು. 1472ರಲ್ಲಿ ಮುಗಿದ ಆ ಕಟ್ಟಡದ ಮಿನಾರುಗಳಲ್ಲಿ ಒಂದು ಮಾತ್ರ ಉಳಿದಿದೆ. ಮದ್ದು ಸಿಡಿದು ಇನ್ನೊಂದು ಮಿನಾರೂ ಕಟ್ಟಡದ ಒಂದು ಭಾಗವೂ ಬಿದ್ದುಹೋದುವು. ಆ ಮಿನಾರಿಗೆ ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ ಹೆಂಚಿನ ಚೂರುಗಳ ಪೂರ್ಣರೂಪ ಇಲ್ಲಿ ಬಿಸಿಲಿಗೆ ನಿಂತಿತ್ತು. ಈ ಸೀಮೆಯ ಮದರಸಾಗಳ ಮಾದರಿಯಲ್ಲಿಯೇ ಗವಾನನು ಬೀದರಿನಲ್ಲಿ ಕಟ್ಟಿಸಿದನೆಂದು ಓದಿದ್ದೆವು. ಓದಿದುದು ಕಣ್ಣಿಗೆ ಬಿದ್ದಾಗಿನ ಸುಖವೇ ಬೇರೆ.

ಆದರೆ ಒಳಗೆ ಹೋದಾಗ ಮನಸ್ಸು ಕುಗ್ಗಿತು. ಅಂಗಳದ ಸುತ್ತ ವಿದ್ಯಾರ್ಥಿಗಳು ವಾಸಿಸುತ್ತಿದ್ದ ಸಣ್ಣ ಸಣ್ಣ ಕೋಣೆಗಳಿವೆ. ಉಲೂಗ್ ಬೇಗನ ಕಾಲದಲ್ಲಿ ಇಲ್ಲಿ ಖಗೋಲ, ಗಣಿತಗಳ ಪಾಠ ನಡೆಯುತ್ತಿತ್ತು. ಈಗ ಆ ಕೋಣೆಗಳಲ್ಲಿ ಪ್ರವಾಸಿಗಳಿಗೆ ಟೊಪ್ಪಿಗೆ, ಬೊಂಬೆ, ಜಮಖಾನೆ ಮಾರುತ್ತಾರೆ. ಪ್ರಸಾದನಿಲಯವನ್ನು ನಡೆಸುವವರಿಗೆ ಅಂತಹ ಕೋಣೆಗಳ ವಾಸನೆ ತಿಳಿದಿರುತ್ತದೆ. ಅಲ್ಲಿ ಅದು ಇರಲಿಲ್ಲ. ಗುಡ್ಡದ ಮೇಲೆ ಆತನು ಕಟ್ಟಿಸಿದ ವೇಧಶಾಲೆಯೂ ಆತನ ತರುವಾಯ ಹಾಳಾಯಿತು. ನೆಲದೊಳಗೆ ಹೂತಿದ್ದ ಅದರ ಕಮಾನಿನ ಭಾಗವನ್ನು 1908ರಲ್ಲಿ ಅಗೆದು ತೆಗೆದರು. 1,018 ನಕ್ಷತ್ರಗಳ ಸ್ಥಾನವನ್ನು ಅಳೆದು 1437ರಲ್ಲಿ ಪಟ್ಟಿ ಮಾಡಿಸಿದ ಆ ದೊರೆಯನ್ನು 1449ರಲ್ಲಿ ಆತನ ಮಗನೇ ಕೊಲ್ಲಿಸಿದನು. 1941ರಲ್ಲಿ ಗೋರಿಯನ್ನು ತೆರೆದ ವಿಜ್ಞಾನಿಗಳು ಕುತ್ತಿಗೆ ಕತ್ತರಿಸಿದ ಗುರುತನ್ನು ಕಂಡರು. ಆತನ ಕೋಷ್ಟಕಗಳು ಮಾತ್ರ ಜಯಪುರದ ಸವಾಯಿ ಜಯಸಿಂಹನ ಕೈವರೆಗೆ ಬಂದುವು.

ಬೀಬಿ ಖಾನಂ ಮಸೀದಿಯ ವಿಷಯ ಬೇರೆ. ಅಲ್ಲಿಗೆ ಹೋಗಲು ನಮಗೆ ಮನಸ್ಸಿರಲಿಲ್ಲ. 1398ರ ಡಿಸೆಂಬರಿನಲ್ಲಿ ದಿಲ್ಲಿಯನ್ನು ಸುಲಿದ ತೈಮೂರನು ಮರುವರ್ಷವೇ ಆ ಮಸೀದಿಯನ್ನು ಕಟ್ಟಿಸಲು ತೊಡಗಿದನು. ನಮ್ಮ ದೇಶದಿಂದ ಒಯ್ದ ಆನೆಗಳು ಅದಕ್ಕೆ ಕಲ್ಲು ಎಳೆದುವು. ಹಿಂದೂಸ್ತಾನದಿಂದ ತಂದ ಕಲ್ಲುಕುಟಿಗರು ಅಲ್ಲಿ ದುಡಿದರೆಂದು ಅವನ ವಂಶದವನೇ ಆದ ಬಾಬರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಅವಸರದಲ್ಲಿ ಎತ್ತಿದ ಆ ಮಹಾಕಟ್ಟಡ ಬಲುಬೇಗನೆ ಬಿರುಕು ಬಿಡತೊಡಗಿ, 1897ರ ಭೂಕಂಪದಲ್ಲಿ ಬಹುಭಾಗ ಕುಸಿಯಿತು. ಈಗಿರುವುದರಲ್ಲಿ ಹೆಚ್ಚಿನದು ನಮ್ಮ ಕಾಲದ ಜೀರ್ಣೋದ್ಧಾರ. ಇದನ್ನು ಓದಿದಾಗ ಒಂದು ಬಗೆಯ ಸಮಾಧಾನವಾಗಿತ್ತೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಅಂಗಳದಲ್ಲಿ ನಿಂತಾಗ ತೈಮೂರನು ನೆನಪಾಗಲಿಲ್ಲ. ದಿಲ್ಲಿಯಿಂದ ಎಳೆದು ತಂದ ಆ ಕಲ್ಲುಕುಟಿಗರು ಮನೆ ಬಿಡುವಾಗ ಏನು ಉಂಡು ಬಂದರೋ, ಅವರ ಪಾಲಿನ ತಟ್ಟೆಯನ್ನು ಮನೆಯವರು ಎಷ್ಟು ದಿನ ತೆಗೆದಿಟ್ಟರೋ ಎಂದು ಯೋಚನೆ ಹತ್ತಿತು.

ಮಸೀದಿಯ ಮಗ್ಗುಲಲ್ಲಿಯೇ ಸಿಯಾಬ್ ಎಂಬ ಬಜಾರವಿದೆ. ಅಲ್ಲಿಯ ಜನರಲ್ಲಿ ಬಹುಮಂದಿಯ ಮನೆಮಾತು ಪಾರಸಿಯ ಒಂದು ಬಗೆ. ವಿಜಾಪುರ ಸೀಮೆಯವರಾದ ನಮಗೆ ಅರ್ಧ ಮಾತು ಅರ್ಥವಾದಂತೆ ಭಾಸವಾಗುತ್ತದೆ: ಬಜಾರ, ದುಕಾನ, ಬಾದಾಮ, ಪಿಸ್ತಾ, ಪಿಯಾಜ್. ಈ ಜಂಬದಲ್ಲಿ ನಾವು ಕಾಯಿಪಲ್ಯ ತೋರಿಸಲೆಂದು “ಸಬ್ಜಿ” ಎಂದೆವು. ಅಂಗಡಿಯವನು ಒಂದು ಹಿಡಿ ಗಜ್ಜರಿಯನ್ನು ತೂಗಲು ಹೊರಟನು. ಅಲ್ಲಿ ಸಬ್ಜಿಯೆಂದರೆ ಗಜ್ಜರಿ ಮಾತ್ರ! ಹುಡುಗಿ ಬಾಯಿಗೆ ಸೆರಗಿಲ್ಲದೆ ಕೈ ಅಡ್ಡ ಹಿಡಿದು ನಕ್ಕಳು.

ಮಾಂಸವಿಲ್ಲದ ಅಡುಗೆ ಅಲ್ಲಿ ದುರ್ಲಭ. ಅವರ ಪ್ರಸಿದ್ಧ ಪಲಾವಿನಲ್ಲಿ ಅಕ್ಕಿ, ಗಜ್ಜರಿಗಳೊಡನೆ ಕುರಿಯ ಮಾಂಸವಿರುವುದರಿಂದ ಜೀರಿಗೆಯ ಪರಿಮಳವನ್ನಷ್ಟೇ ದೂರದಿಂದ ಕೊಂಡೆವು. ಆದರೆ ಹಸಿದಿರಲಿಲ್ಲ. ದ್ರಾಕ್ಷಿ, ಜೇನಿನಂತಹ ಕರಬೂಜ, ಉಪ್ಪುನೀರು ಸವರಿ ಬೂದಿಯಲ್ಲಿ ಹುರಿದ ಜರ್ದಾಳು ಬೀಜ, ಅಕ್ರೋಟು, ಹಲ್ವ, ನೀರು ಬಸಿದ ಗಟ್ಟಿ ಮೊಸರು, ಇವೆಲ್ಲವೂ ಇದ್ದುವು. ಕಲ್ಲುಸಕ್ಕರೆಯ ದೊಡ್ಡ ಹರಳುಗಳನ್ನು ರಾಶಿ ಹಾಕಿ ಮಾರುತ್ತಾರೆ. ಹಸಿರು ಚಹವನ್ನು ಹಿಡಿಕೆಯಿಲ್ಲದ ಬಟ್ಟಲಿಗೆ ಅರ್ಧಕ್ಕಿಂತ ಕಡಿಮೆ ಸುರಿಯುವುದು ಅಲ್ಲಿಯ ಮರ್ಯಾದೆ; ಮತ್ತೆ ಮತ್ತೆ ಬಡಿಸುವ ಅವಕಾಶ ಮನೆಯವರಿಗೆ ಇರಲೆಂದು. ಬಟ್ಟಲು ತುಂಬಿಸಿದರೆ ಇನ್ನು ಹೊರಡಿರೆಂದು ಅರ್ಥವಂತೆ. ಬಸಿಯೊಳಕ್ಕೂ ಚೆಲ್ಲುವಂತೆ ತುಂಬುವ ನಮ್ಮ ಕಡೆಯ ಆದರಕ್ಕೆ ಅಲ್ಲಿ ಏನೆನ್ನುವರೋ!

ಇನ್ನು ರೊಟ್ಟಿಯ ಸಾಲು. ಅದನ್ನು ಅವರು ‘ನಾನ್’ ಎನ್ನುತ್ತಾರೆ. ಗುಂಡಗೆ, ಭಾರವಾಗಿ, ಕಂಚಿನಂತೆ ಮಿನುಗುವ ರೊಟ್ಟಿ. ನಡುಭಾಗ ಉಬ್ಬದಂತೆ ಮೊಳೆಗಳ ಮುದ್ರೆಯಿಂದ ಚುಚ್ಚಿ ಹೂವಿನ ಚಿತ್ತಾರ ಮೂಡಿಸಿ, ಮೇಲೆ ಎಳ್ಳು ಉದುರಿಸಿ, ಮಣ್ಣಿನ ಒಲೆಯ ಒಳಗೋಡೆಗೆ ಬಡಿದು ಸುಡುತ್ತಾರೆ. ಬಹುದಿನ ಕೆಡುವುದಿಲ್ಲ. ಬುಖಾರದ ಅಮೀರನು ಸಮರ್ಕಂದದ ರೊಟ್ಟಿಗಾರನನ್ನು ತನ್ನ ಊರಿಗೆ ಕರೆಸಿದನಂತೆ. ಅದೇ ಹಿಟ್ಟು, ಅದೇ ನೀರು, ಆದರೂ ಆ ರುಚಿ ಬರಲಿಲ್ಲ. ಕೇಳಿದರೆ, “ಸಮರ್ಕಂದದ ಗಾಳಿಯೊಂದನ್ನು ತರಲಾಗಲಿಲ್ಲ ಪ್ರಭು” ಎಂದನಂತೆ. ಅಲ್ಲಿ ಎಲ್ಲರೂ ಹೇಳುವ ಕಥೆಯಿದು.

ಅಲ್ಲಿ ಕುಳಿತಿದ್ದ ಒಬ್ಬ ಮುದುಕಿ ರೊಟ್ಟಿಯ ತುಣುಕನ್ನು ಮುರಿದು ನಮ್ಮ ಕಡೆಗೆ ಚಾಚಿದಳು. ನಾವು ಕೈ ಹಿಂದಕ್ಕೆ ತೆಗೆದುಕೊಂಡೆವು. ಅದರಲ್ಲಿ ಕೊಬ್ಬು ಸೇರಿರಬಹುದೆಂಬ ಶಂಕೆ ಒಂದು ಕಾರಣ. ಕೇಳುವ ಮೊದಲೇ ಹಿಂದೆಗೆಯುವುದು ನಮ್ಮ ಕೈಗೆ ಆಗಿಹೋದ ಅಭ್ಯಾಸ, ಅದು ನಿಜವಾದ ಕಾರಣ. ಆಕೆ ಏನೂ ಅನ್ನಲಿಲ್ಲ. ತುಣುಕನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟು, ಅದು ಅಂಗಾತವಾಗಿದೆಯೇ ಎಂದು ನೋಡಿದಳು. ರೊಟ್ಟಿಯನ್ನು ಬೋರಲು ಹಾಕುವುದು, ಚಾಕುವಿನಿಂದ ಕೊಯ್ಯುವುದು ಅಲ್ಲಿ ಸಲ್ಲದು. “ಅಜ್ಜಾರ, ಇದರಾಗ ಹಿಟ್ಟು, ಹಾಲು, ಉಪ್ಪು ಅಷ್ಟ ಐತ್ರಿ. ನಾನು ದಿನಾ ಇವರ ಕಡೇನ ತೊಗೊಂತೀನ್ರಿ” ಎಂದು ಹುಡುಗಿ ಸಣ್ಣ ದನಿಯಲ್ಲಿ ಹೇಳಿದಳು. ನಾವು ಆ ತುಣುಕನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ತಿಂದೆವು. ಆಗ ಮುದುಕಿ ಸರಿದು ಜಾಗ ಮಾಡಿ ಕೂರಲು ಹೇಳಿದಳು.

ಆಕೆ ಹೇಳಿದುದನ್ನು ಹುಡುಗಿ ನಮಗೆ ತಿಳಿಸಿದಳು. ಮನೆಯಿಂದ ದೂರ ಹೋಗುವವನು ರೊಟ್ಟಿಯೊಂದನ್ನು ಒಂದು ಸಲ ಕಚ್ಚಿ ಹೋಗುತ್ತಾನೆ. ಉಳಿದುದನ್ನು ಗೋಡೆಗೆ ತೂಗುಹಾಕುತ್ತಾರೆ. ಅವನ ಅನ್ನದ ಋಣ ಈ ಮನೆಯಲ್ಲಿ ಬಾಕಿಯಿದೆ, ಬಂದು ತೀರಿಸಬೇಕು. ಮುದುಕಿಯ ಮೊಮ್ಮಗ ರಷ್ಯಾದಲ್ಲಿ ಕೂಲಿಗೆ ಹೋಗಿದ್ದಾನೆ. ಅವನ ರೊಟ್ಟಿ ಮನೆಯಲ್ಲಿದೆ. ಅವಳ ಸೋದರಮಾವ 1942ರಲ್ಲಿ ಯುದ್ಧಕ್ಕೆ ಹೋದವನು ಬರಲಿಲ್ಲ. ಆ ರೊಟ್ಟಿಯನ್ನು ಅವನ ತಾಯಿ ತಾನು ಸಾಯುವತನಕ ಇಳಿಸಗೊಡಲಿಲ್ಲ.

ವಾಚಕರೇ, ಸನ್ಯಾಸಿಗಳಾದವರು ಪೂರ್ವಾಶ್ರಮದ ಮಾತನ್ನು ಆಡಬಾರದು. ಆದರೂ ಒಂದನ್ನು ಹೇಳುತ್ತೇವೆ. ಎಂಟನೆಯ ವರ್ಷದಲ್ಲಿ ನಮ್ಮನ್ನು ಮಠಕ್ಕೆ ಒಪ್ಪಿಸಿದರು. ಕಂತಿಭಿಕ್ಷೆಗೆ ವಟುಗಳನ್ನು ಅವರವರ ಊರಿಗೆ ಕಳುಹಿಸುತ್ತಿರಲಿಲ್ಲ. ಒಂದು ವರ್ಷ ಮಳೆಯಿಂದ ಹಾದಿ ತಪ್ಪಿ ನಮ್ಮೂರಿಗೇ ಹೋಗಬೇಕಾಯಿತು. ಜೋಳಿಗೆ ಹಿಡಿದು ಆ ಬಾಗಿಲಲ್ಲಿಯೂ ನಿಂತೆವು. ತಾಯಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು, ಬೇರೆ ವಟುಗಳ ಜೋಳಿಗೆಗೆ ಹಾಕಿದಂತೆಯೇ ಎರಡು ರೊಟ್ಟಿ ಹಾಕಿ, ಹೆಸರು ಹಿಡಿದು ಕರೆಯದೆ, ನಮಸ್ಕರಿಸಿ ಒಳಗೆ ಹೋದರು. ಆ ಎರಡು ರೊಟ್ಟಿ ಎಲ್ಲರ ಮನೆಯ ರೊಟ್ಟಿಗಳೊಡನೆ ಬೆರೆತುಹೋದುವು. ಯಾವುವು ಎಂದು ಆ ರಾತ್ರಿ ಬಹಳ ಹೊತ್ತು ಹುಡುಕಿದ್ದೆವು.

ಹೊರಡುವ ದಿನ ಹುಡುಗಿ ನಿಲ್ದಾಣಕ್ಕೆ ಒಂದು ಹೊಸ ರೊಟ್ಟಿಯನ್ನು ತಂದಿದ್ದಳು. ರೈಲು ಹೊರಡಲು ಸ್ವಲ್ಪ ಹೊತ್ತಿರುವಾಗ ಅದರ ಅಂಚನ್ನು ಒಮ್ಮೆ ಕಚ್ಚಿ, ಉಳಿದುದನ್ನು ಕಾಗದದಲ್ಲಿ ಸುತ್ತಿ, “ಮನಿ ಬಿಡೂ ಮುಂದ ನನಗ ಇದು ಗೊತ್ತಿರಲಿಲ್ರಿ. ಅವ್ವಗ ಕೊಡ್ರಿ ಅಜ್ಜಾರ” ಎಂದು ಎರಡೂ ಕೈಗಳಿಂದ ಚಾಚಿದಳು. ಜೊತೆಯಲ್ಲಿದ್ದ ಭಕ್ತರು ಗಾಬರಿಯಾಗಿ ತಾವು ತೆಗೆದುಕೊಳ್ಳಲು ಮುಂದೆ ಬಂದರು. ಎಂಜಲನ್ನು ಸ್ವಾಮಿಗಳ ಕೈಗೆ ಕೊಡುವುದೆಂದರೇನು! ಬೇಡರ ಕಣ್ಣಪ್ಪನು ತಾನು ರುಚಿ ನೋಡಿದುದನ್ನೇ ಶಿವನಿಗೆ ಅರ್ಪಿಸಿದ ಕಥೆಯನ್ನು ನಾವು ಎಷ್ಟು ಊರುಗಳ ಪುರಾಣಗಳಲ್ಲಿ ಹೇಳಿಲ್ಲ? ಹೇಳುವಾಗ ಕಣ್ಣಲ್ಲಿ ನೀರೂ ಬಂದಿದೆ. ಆದರೂ ಆ ಕ್ಷಣ ನಮ್ಮ ಕೈ, ಬಜಾರದಲ್ಲಿ ಹಿಂದಕ್ಕೆ ಬಂದ ಕೈ, ಮತ್ತೊಮ್ಮೆ ತಡೆಯಿತು. ಹುಡುಗಿ ಅದನ್ನು ಕಂಡಳೋ ಇಲ್ಲವೋ. ನಾವೇ ತೆಗೆದುಕೊಂಡು ಶಾಲಿನ ತುದಿಯಲ್ಲಿ ಕಟ್ಟಿಕೊಂಡೆವು.

ಊರಿಗೆ ಬಂದ ಮೂರನೆಯ ದಿನ ಅವರ ಮನೆಗೆ ಹೋದೆವು. ತಾಯಿ ಕಾಗದ ಬಿಡಿಸಿ, ಕಚ್ಚಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಾವು ವಿಷಯವನ್ನೆಲ್ಲ ವಿವರಿಸಲು ಹೊರಟೆವು. ಅವರು ಪೂರ್ತಿ ಕೇಳಲಿಲ್ಲ. ಬಿಳಿಯ ಅರಿವೆಯೊಂದನ್ನು ತಂದು ರೊಟ್ಟಿಯನ್ನು ಸುತ್ತಿ, ಅಡುಗೆಮನೆಯ ನೆಲುವಿನಲ್ಲಿ ಇಲಿಗೆ ಸಿಗದಂತೆ ಮೇಲಕ್ಕೆ ತೂಗುಹಾಕಿದರು. ಹುಡುಗಿಯ ಓದು ಇನ್ನೂ ಮುಗಿದಿಲ್ಲ.